ಮನೆಯ ಪಾಲಿನ ಖರ್ಜೂರ

ಮದೀನಾದಲ್ಲಿ ಬೆಳಗಿನ ನಮಾಜು ಮುಗಿದು ಜನ ಹೊರಬಿದ್ದಾಗ ಇನ್ನೂ ನಸುಕು. ರೋಣದ ಹಣ್ಣಿನ ವ್ಯಾಪಾರಿ ಮೆಹಬೂಬಸುಭಾನಿ ಸಾಹೇಬರು, ತೀರಿಹೋದ ಹೆಂಡತಿಯ ತಮ್ಮ ಜಾವೀದನೊಡನೆ ಖರ್ಜೂರದ ಪೇಟೆಗೆ ಬಂದರು. ಹಜ್ ಮುಗಿಸಿ ಊರಿಗೆ ಮರಳಿದವರನ್ನು ಕಾಣಬಂದವರಿಗೆಲ್ಲ ಖರ್ಜೂರ ಕೊಡಬೇಕಲ್ಲ!

ಪೇಟೆ ಆಗಲೇ ಗಿಜಿಗುಡುತ್ತಿತ್ತು. ದೀಪಗಳ ಕೆಳಗೆ ಕಪ್ಪು, ಕೆಂಪು, ಜೇನುಬಣ್ಣದ ರಾಶಿಗಳು. ಒಬ್ಬ ಅರಬ ಮುದುಕ ರಾಶಿಯ ನೆತ್ತಿಯಿಂದ ದಪ್ಪ ಹಣ್ಣೊಂದನ್ನು ಆರಿಸಿ, ಸಾಹೇಬರ ಅಂಗೈಯಲ್ಲಿಟ್ಟು, ತಿನ್ನಲು ಸನ್ನೆ ಮಾಡಿದ.

"ತಿನ್ರಿ ಭಾಯಿ," ಜಾವೀದ ನಕ್ಕ. "ನಲವತ್ತ ವರ್ಷ ನೀವೂ ಹಿಂಗ ಮಾಡಿದ್ರಿ. ಚಲೋದ್ದು ಗಿರಾಕಿಗೆ, ಮೆತ್ತಗಾದದ್ದು ಮನಿಗೆ."

ಹಣ್ಣು ಬಾಯಿಯ ತನಕ ಹೋಗಿ ನಿಂತಿತು. ಮಾತು ನಿಜ. ಗಾಡಿಯಲ್ಲಿ ಉಳಿದ ಪೇರಲದ ಕೊಳೆತ ಭಾಗ ಕೆತ್ತಿ ತೆಗೆದು ಹೆಂಡತಿ ಕಾಶೀಂಬಿ ದಿನಾ ಸಂಜೆ ತಿನ್ನುತ್ತಿದ್ದಳು. ಅದಾದರೂ ಹೋಗಲಿ. ಹಜ್ಜಿಗೆ ಹೊರಡುವವನು ತನ್ನನ್ನು ಬಲ್ಲವರ ಬಳಿಗೆಲ್ಲ ಹೋಗಿ ಮಾಫಿ ಬೇಡಬೇಕು. ಸಾಹೇಬರು ಪುರ್ತಗೇರಿಯ ದ್ಯಾಮಪ್ಪನ ಹೊಲದ ತನಕ ನಡೆದಿದ್ದರು. ಬಸ್ಸು ಹಿಡಿದು ಕೊಣ್ಣೂರಿಗೂ ಹೋಗಿ, ಯಾವ ಕಾಲದಲ್ಲೋ ಜಗಳವಾಡಿದವರ ಕೈ ಹಿಡಿದು ಬಂದಿದ್ದರು. ಅಂದು ಒಲೆಯ ಮುಂದಿದ್ದ ಕಾಶೀಂಬಿ ಕೇಳಿದ್ದಳು:

"ಊರಮಂದೀನೆಲ್ಲಾ ಕೇಳಿ ಬಂದ್ರಿ. ನನ್ನ ಕೇಳೂದಿಲ್ಲೇನ್ರಿ?"

"ನಿಂದೇನ ಅವಸರ? ಮನಿಯಾಕಿ ನೀ. ಬಸ್ ಹತ್ತೂವಾಗ ಕೇಳ್ತೀನಿ."

ಹೊರಡಲು ಒಂಬತ್ತು ದಿನವಿರುವಾಗ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

"ಜಾವೀದ," ಸಾಹೇಬರು ಹಣ್ಣು ಹಿಡಿದ ಕೈ ಕೆಳಗಿಳಿಸಿದರು. "ನಿಮ್ಮಕ್ಕನ ಪರವಾಗಿ ನೀನರ ಮಾಫ್ ಮಾಡೀನಿ ಅಂತ ಅನ್ನೋ."

ಜಾವೀದನ ಮುಖದ ನಗು ಇಳಿಯಿತು. "ಅದು ಅಕಿ ಹಕ್ಕು ಭಾಯಿ. ನಾ ಹ್ಯಾಂಗ ಅನ್ನಲಿ? ಅಕಿಗಾಗಿ ದುವಾ ಮಾಡ್ರಿ, ಅಷ್ಟ."

ಸಾಹೇಬರು ಎರಡು ಪೆಟ್ಟಿಗೆ ಖರ್ಜೂರ ಕೊಂಡರು. ಕೈಯಲ್ಲಿದ್ದ ಹಣ್ಣನ್ನು ಮಾತ್ರ ತಿನ್ನದೆ ಕರವಸ್ತ್ರದಲ್ಲಿ ಕಟ್ಟಿ ಎದೆಯ ಕಿಸೆಗೆ ಇಟ್ಟುಕೊಂಡರು.

ಅವರು ಮರಳಿದ ದಿನ ರೋಣದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊಸೆ ಅಂಜುಮ ತಟ್ಟೆ ತುಂಬ ಖರ್ಜೂರ ತಂದಿಟ್ಟಳು. ಸಾಹೇಬರು ಕರವಸ್ತ್ರ ಬಿಚ್ಚಿ ಆ ಹಣ್ಣನ್ನು ಅವಳ ಮುಂದೆ ಹಿಡಿದರು.

"ಮೊದಲ ಬಂದ ಮಂದಿಗೆ ಕೊಡ್ರಿ ಅಬ್ಬಾ. ನಾವು ಮನಿಯವರು, ನಮ್ದೇನ ಅವಸರ?"

ಸಾಹೇಬರು ಚಾಚಿದ ಕೈ ಹಿಂದಕ್ಕೆಳೆಯಲಿಲ್ಲ.

"ಇಲ್ಲೇ ನಿಂತ ತಿನ್ನವ್ವಾ. ಮಂದಿ ಕಾಯ್ತಾರ."

ಅಂಜುಮ ನಾಚುತ್ತ ಬಾಯಿಗಿಟ್ಟುಕೊಂಡಳು. "ಭಾಳ ಸಿಹಿ ಐತ್ರಿ," ಎಂದಳು.

ಸಾಹೇಬರು ತಲೆಯಾಡಿಸಿದರು. ಬಾಗಿಲಾಚೆ, ಒಲೆಯ ಮುಂದಿನ ಖಾಲಿ ಮಣೆಯ ಕಡೆಗೆ ನೋಡುವ ಧೈರ್ಯ ಅವರಿಗಾಗಲಿಲ್ಲ.