ಕೊಟ್ಟದ್ದನ್ನು ವಾಪಸ್ ಕೇಳಿದ ಮಾಣಿಕಮ್ಮ

"ಮಾಣಿಕಮ್ಮನ ಮನಿಗಿ ಬೀಗ ಯಾಕ್ರೀ? ಹಾಕೋದಿದ್ರ ಆಕಿ ಕಾಲಿಗಿ ಹಾಕ್ರಿ" ಎಂದು ವಾಡಿ ರೈಲ್ವೆ ಕ್ವಾರ್ಟರ್ಸಿನ ನಮ್ಮ ಸಾಲಿನ ಹೆಂಗಸರು ನಳದ ಹತ್ತಿರ ನಿಂತು ನಗುತ್ತಿದ್ದರು. ಸುಳ್ಳೇನಲ್ಲ. ಎದುರುಮನೆಯಲ್ಲಿ ಹನ್ನೊಂದು ವರ್ಷ ಕಳೆದ ನಾನು ಅವರು ಕುಳಿತದ್ದನ್ನು ಕಂಡದ್ದೇ ಅಪರೂಪ. ಊಟ ಹೊಸ್ತಿಲಲ್ಲಿ ನಿಂತು, ಮಾತು ಮೆಟ್ಟಿಲಿಳಿಯುತ್ತ. ನಿದ್ದೆಯನ್ನಾದರೂ ಮಲಗಿ ಮಾಡುತ್ತಿದ್ದರೋ ಇಲ್ಲವೋ, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಅವರ ಪತಿ ದೇವಿಂದ್ರಪ್ಪನವರೇ ಬಲ್ಲರು.

ಮಾಣಿಕಮ್ಮನದು ಹಳಿಯ ಕೆಳಗಿನ ಅಡ್ಡಪಟ್ಟಿಗಳ ಅಂತರಕ್ಕೆ ಒಗ್ಗಿಹೋದ ಸಣ್ಣಸಣ್ಣ ಹೆಜ್ಜೆ. ರಸ್ತೆಯಲ್ಲಿ ನಡೆದರೂ ಪಟ್ಟಿಯ ಮೇಲೆ ನಡೆದಂತೆಯೇ. ಸೀರೆಯ ಮೇಲೆ ಗಂಡನ ಹಳೆಯ ಬಿಳಿ ಕೋಟು. ಅದರ ಜೇಬುಗಳಲ್ಲಿ ಥರ್ಮಾಮೀಟರು, ಸುಣ್ಣದ ಡಬ್ಬಿ, ಯಾರದೋ ಮಗಳ ಮದುವೆಯ ಬಯೊಡೇಟಾ, ಇನ್ಯಾರದೋ ರೇಷನ್ ಕಾರ್ಡಿನ ಜೆರಾಕ್ಸು. "ಬಂದೆ, ಹೊಂಟೆ" ಎಂಬ ಎರಡು ಪದಗಳನ್ನು ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಬಂದದ್ದು ಯಾವಾಗ, ಹೊರಟದ್ದು ಯಾವಾಗ ಎಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಇಂಥವರ ಕೈಗೆ ಗೋಜಿ ಬೆರಿ ಸಿಕ್ಕಿತು. ಸನ್ನತಿಯ ಬೌದ್ಧ ನೆಲೆಯನ್ನು ನೋಡಲು ಲಡಾಖಿನಿಂದ ಬಂದ ದಂಪತಿಗಳಿಬ್ಬರು ಬಿಸಿಲಿಗೆ ಬಸವಳಿದಾಗ, ಅಲ್ಲಿಗೆ ಮಗಳು ಲುಂಬಿನಿಯೊಂದಿಗೆ ಹೋಗಿದ್ದ ಮಾಣಿಕಮ್ಮ ತಮ್ಮ ಬುತ್ತಿಯ ರೊಟ್ಟಿ, ಮೊಸರು, ಶೇಂಗಾ ಹಿಂಡಿ ಚಟ್ನಿಯನ್ನು ಅವರ ಮುಂದಿಟ್ಟರಂತೆ. ಉಂಡವರು ಚೀಲ ತೆರೆದು, ಒಣದ್ರಾಕ್ಷಿಗಿಂತ ಸಣ್ಣದಾದ ಕೆಂಪು ಒಣಹಣ್ಣುಗಳ ಪೊಟ್ಟಣವೊಂದನ್ನು ಕೊಟ್ಟು, ಚಹಾದಂತೆ ಕುಡಿಯಿರಿ, ಕಣ್ಣಿಗೆ ಒಳ್ಳೆಯದು ಎಂದರಂತೆ. ಅದೇ ತಿಂಗಳು ದೇವಿಂದ್ರಪ್ಪನವರು ಇಲಾಖೆಯ ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದರು.

"ಹಣ್ಣಿನ ಪ್ರತಾಪ ನೋಡ್ರಿ ಸರ!" ಎಂದು ಮಾಣಿಕಮ್ಮ ಸಾರಿದರು.

"ಹೊಸಾ ಚಸ್ಮಾ ಮಾಡಿಸೀನಿ, ಅದನ್ನ ಯಾರೂ ಕೇಳಂಗಿಲ್ಲ" ಎಂದು ಗಾರ್ಡ್ ಸಾಹೇಬರು ಪೇಪರಿನ ಹಿಂದಿನಿಂದ ಗೊಣಗಿದರು.

ಅಂದಿನಿಂದ ಮೊಬೈಲಿನಲ್ಲಿ ಆರ್ಡರು, ಪಾರ್ಸೆಲ್ಲಿನ ಮೇಲೆ ಪಾರ್ಸೆಲ್ಲು. ಕುದಿಸುವ ವಿಧಿಯಲ್ಲಿ ಅವರದು ಕಠಿಣ ವ್ರತ. ನೀರು ಕುದಿದ ಮೇಲೆ ಇಳಿಸಬೇಕು. ಒಂದು ಚಮಚ ಹಣ್ಣು ಹಾಕಿ ಮುಚ್ಚಬೇಕು. ಹತ್ತು ನಿಮಿಷದಲ್ಲಿ ಹಣ್ಣು ಉಬ್ಬಿ, ನೀರು ತೆಳು ಕೇಸರಿ ಬಣ್ಣ ತಾಳಿ, ಟೊಮೇಟೊವೂ ಅಲ್ಲದ ಖರ್ಜೂರವೂ ಅಲ್ಲದ ಒಂದು ಮಂದ ಸಿಹಿ ಬರುತ್ತದೆ. ಕುಡಿದು ತಳದ ಹಣ್ಣನ್ನು ಅಗಿದು ನುಂಗಬೇಕು. ಪಕ್ಕದ ಮನೆಯ ಅಂಬಿಕಾ ಅದಕ್ಕೆ ಹಾಲು, ಚಹಾಪುಡಿ, ಶುಂಠಿ ಹಾಕಿ ಅರ್ಧ ತಾಸು ಕುದಿಸಿದ್ದನ್ನು ಕಂಡು, "ಏ ಹುಡುಗಿ, ಅದೇನ್ ಕುರಿ ಕಾಲ ಮಾಡೀಯೇನ ಹಂಗ ಕುದಸಾಕ!" ಎಂದು ಬೈದಿದ್ದರು. ಕಣ್ಣಿಗೆ ಬೇಕಾದ ಸತ್ವ ಆ ಹಣ್ಣಿನಲ್ಲಿರುವುದು ದಿಟವೇ. ಆದರೆ ಮಾಣಿಕಮ್ಮನ ಬಾಯಲ್ಲಿ ಅದು ಕಣ್ಣಿನಿಂದ ಮೊಣಕಾಲಿಗಿಳಿದು, ನಿದ್ದೆಗೆ, ಆಯಾಸಕ್ಕೆ, ಕೊನೆಗೆ ಅತ್ತೆಯ ಮುಂಗೋಪಕ್ಕೂ ಮದ್ದಾಯಿತು. ಸ್ಟೀಲಿನ ಸಣ್ಣ ಡಬ್ಬಿಗಳಲ್ಲಿ ತುಂಬಿ ಇಪ್ಪತ್ತಾರು ಮನೆಗೆ ಹಂಚಿದರು. ನನಗೂ ಒಂದು ಬಂತು.

ಆ ಇಪ್ಪತ್ತಾರರಲ್ಲಿ ಟೇಲರ್ ಗುಲಾಮ ದಸ್ತಗೀರರದೂ ಒಂದು. ಆರು ವರ್ಷದ ಹಿಂದೆ ಅವರ ಎದೆಯೊಳಗೆ ಕೃತಕ ಕವಾಟ ಕೂಡಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ನಿತ್ಯ ಗುಳಿಗೆ. ಡಬ್ಬಿ ಕೊಡುವಾಗ ಮಾಣಿಕಮ್ಮ ಅದನ್ನು ಕೇಳಲಿಲ್ಲ. ಮುಂದೆ ಬಂದ ಚಹಾ ಬೇಡವೆನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ, ಹಾಗಾಗಿ ಅವರೂ ಹೇಳಲಿಲ್ಲ. ಮೂರನೆಯ ವಾರ, ಪ್ಯಾಂಟೊಂದಕ್ಕೆ ಗುಂಡಿ ಹಚ್ಚುತ್ತಿದ್ದಾಗ ಮೂಗಿನಿಂದ ಇಳಿದ ರಕ್ತ ನಿಲ್ಲಲೇ ಇಲ್ಲ. ಮಗ ತೌಸೀಫ್ ಜೀಪು ಮಾಡಿಕೊಂಡು ಕಲಬುರಗಿಗೆ ಓಡಿದ. ಇತ್ತೀಚೆಗೆ ಹೊಸದೇನು ತಿನ್ನುತ್ತಿದ್ದೀರಿ ಎಂದು ಡಾಕ್ಟರು ಕೆದಕಿ ಕೆದಕಿ ಕೇಳಿದಾಗ ಡಬ್ಬಿ ಹೊರಬಂತು. ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಈ ಹಣ್ಣು ಸೇರಿದರೆ ಗುಳಿಗೆಯ ಬಲ ಏರಿಬಿಡುತ್ತದೆ, ಶುಗರ್, ಬಿಪಿ ಗುಳಿಗೆಯವರೂ ಕೇಳಿಕೊಂಡೇ ಕುಡಿಯಬೇಕು ಎಂದರು ಡಾಕ್ಟರು.

ನಾಲ್ಕು ದಿನಕ್ಕೆ ಮರಳಿದ ದಸ್ತಗೀರರ ಮಂಚದ ಮುಂದೆ ಮಾಣಿಕಮ್ಮ ತಲೆ ತಗ್ಗಿಸಿ ನಿಂತರು.

"ಯಕ್ಕಾ, ಯಾಕ ಅಳಾಕತ್ತೀರಿ? ಕಣ್ಣು ಸಾಫ್ ಆಗ್ಯಾವ. ನಿಮ್ಮ ಮಾರೀ ಮ್ಯಾಲಿನ ಸುಕ್ಕೆಲ್ಲಾ ಕಾಣಾಕತ್ಯಾವ."

ಟೇಲರ್ ನಕ್ಕರು, ಮಾಣಿಕಮ್ಮ ನಗಲಿಲ್ಲ. "ಇನ್ನೂ ಇಪ್ಪತ್ತೈದು ಮನಿ ಅದಾವ ದಸ್ತಗೀರಣ್ಣ" ಎಂದು ಹೊರಟೇಬಿಟ್ಟರು.

ಇಪ್ಪತ್ತೈದಾಗಿದ್ದರೆ ಒಂದು ದಿನದ ಕೆಲಸ. ಆದರೆ ಮನೆಗೆ ಬಂದ ಹೊಸ ತಿನಿಸನ್ನು ನಮ್ಮವರು ಒಬ್ಬರೇ ತಿಂದಾರೆಯೇ? ಒಂದು ಮುಷ್ಟಿ ಶಹಾಬಾದಿನ ಅಕ್ಕನಿಗೆ, ಎರಡು ಚಿಟಿಕೆ ಚಿತ್ತಾಪುರದ ಬೀಗರಿಗೆ, ಸೇಡಂ ಬಸ್ಸಿನಲ್ಲಿ ಪಕ್ಕ ಕುಳಿತ ಗುರುತಿಲ್ಲದ ಹೆಂಗಸಿಗೂ ಇಷ್ಟು. ಒಂದು ಮನೆ ಮೂರಾಯಿತು, ಮೂರು ಒಂಬತ್ತಾದವು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ಯಾವ ಗುಳಿಗಿ ನುಂಗ್ತೀರಿ? ಚೀಟಿ ತೋರಸ್ರಿ, ಡಬ್ಬಿ ವಾಪಸ್ ಕೊಡ್ರಿ." ಶಹಾಬಾದಿನಲ್ಲಿ ಪರಸಿ ಕಲ್ಲಿನ ವ್ಯಾಪಾರಿ ನಾಗೇಂದ್ರಪ್ಪ ಸಿಟ್ಟಿಗೆದ್ದರು.

"ಕೊಟ್ಟದ್ದು ವಾಪಸ್ ಕೇಳ್ತಾರೇನವ್ವಾ? ಎಂಥಾ ಕಾಲ ಬಂತು!"

"ಯಪ್ಪಾ, ಬೈರಿ, ಹೊಡೀರಿ. ಮೊದಲ ಗುಳಿಗಿ ತೋರಸ್ರಿ."

ತೋರಿಸಿದರು. ಬರೀ ಹೊಟ್ಟೆಯುಬ್ಬರದ ಗುಳಿಗೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಬೈದ ನಾಗೇಂದ್ರಪ್ಪನವರೇ ತೊಗರಿಬೇಳೆ ತುಂಬಿಕೊಟ್ಟರು. ಎಲ್ಲರೂ ಹಾಗೆಯೇ; ಸಂಜೆ ಅವರ ಚೀಲ ಹೋದದ್ದಕ್ಕಿಂತ ಭಾರವಾಗಿ ಬರುತ್ತಿತ್ತು, ಮುಖ ಮಾತ್ರ ಹಗುರಾಗುತ್ತಿರಲಿಲ್ಲ.

ಹದಿನೇಳು ದಿನದಲ್ಲಿ ಎಲ್ಲವೂ ಮುಗಿದು ಒಂದೇ ಮನೆ ಉಳಿಯಿತು. ಸೇಡಂ ಬಸ್ಸಿನ ಆ ಗುರುತಿಲ್ಲದ ಹೆಂಗಸು ರಾಜೇಶ್ವರಿ ಎಂಬ ಶಿಕ್ಷಕಿಯೆಂದು ಪತ್ತೆಯಾಗಿತ್ತು; ಆಕೆ ತಮ್ಮ ಪಾಲಿನ ಅರ್ಧವನ್ನು ಚಿಂಚೋಳಿಯ ಸೋದರತ್ತೆ ಭಾಗಮ್ಮನಿಗೆ ಕಳಿಸಿದ್ದರು. ಭಾಗಮ್ಮನಿಗೆ ಹೋದ ವರ್ಷ ಲಕ್ವಾ ಹೊಡೆದಿತ್ತು. ದಸ್ತಗೀರರದೇ ಜಾತಿಯ ಗುಳಿಗೆ ಇರಬಹುದು, ಇಲ್ಲದಿರಬಹುದು, ರಾಜೇಶ್ವರಿಗೆ ಖಾತ್ರಿಯಿಲ್ಲ. ಭಾಗಮ್ಮನ ಫೋನು ಎರಡು ದಿನದಿಂದ ಹತ್ತುತ್ತಿರಲಿಲ್ಲ. ಮತ್ತು ಮರುದಿನವೇ ಕ್ವಾರ್ಟರ್ಸು ಬಿಡುವ ದಿನ. ದೇವಿಂದ್ರಪ್ಪನವರು ನಿವೃತ್ತರಾಗಿದ್ದರು; ಸ್ವಂತ ಊರು ದಂಡೋತಿಗೆ ಸಾಮಾನು ಸಾಗಿಸಲು ಬೆಳಿಗ್ಗೆ ಏಳಕ್ಕೇ ಲಾರಿ ಬಂದು ನಿಂತಿತು.

ಮಂಚ ಏರಿತು, ಕಪಾಟು ಏರಿತು. ಬೀಳ್ಕೊಡಲು ಇಡೀ ಸಾಲು ನೆರೆದಿತ್ತು.

"ಯಕ್ಕಾ, ಮೆಸೇಜ್ ಹಾಕಿಬಿಡ್ರಿ, ಸಾಕು" ಎಂದಳು ಅಂಬಿಕಾ.

"ಮೆಸೇಜ್ ಓದಿದ್ರ ನೀಲಿ ಗೆರಿ ಬೀಳ್ತದವ್ವ, ಮನಶಾ ಹೆಂಗದಾನಂತ ಕಾಣಂಗಿಲ್ಲ."

ದೇವಿಂದ್ರಪ್ಪನವರು ಲಾರಿಯ ಮುಂಭಾಗದಿಂದ ಕೂಗಿದರು: "ಏ ಮಾಣಿಕಾ, ಮನೀ ಬಿಡೋ ಹೊತ್ತಿನಾಗರ ನನ್ನ ಜೊತಿ ಕುಂದ್ರು ಬಾ! ಡ್ರೈವರ್ ಕಾಯಾಕತ್ತಾನ."

"ನೀವು ನಡೀರಿ. ನಾ ಸೇಡಂ ಗಾಡಿಗಿ ಹೋಗಿ, ಅಲ್ಲಿಂದ ಚಿಂಚೋಳಿ ಬಸ್ ಹಿಡೀತೀನಿ. ಸಂಜಿಗಿ ದಂಡೋತಿ."

"ಆಕಿ ಕುಡದೇ ಇಲ್ಲದಿದ್ರ?"

"ಕುಡದಿಲ್ಲಂತ ನೋಡಿ ಬರ್ತೀನಿ."

ಉಪಕಾರ ಮಾಡುವವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಅನ್ನ ಹಾಕುವವರು, ನೀರು ಕೊಡುವವರು, ಕೇಳದಿದ್ದರೂ ಮದ್ದು ಹೇಳುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ಕೊಟ್ಟು ಮರೆಯುವುದೇ ದೊಡ್ಡ ಗುಣವೆಂದು ನಾವೂ ಅವರನ್ನು ಹೊಗಳುತ್ತೇವೆ. ಕೊಟ್ಟದ್ದನ್ನು ಮರೆಯಲಾಗದೆ, ಅದು ಯಾರ ಹೊಟ್ಟೆ ಸೇರಿ ಏನಾಯಿತೆಂದು ಬೆನ್ನಟ್ಟಿ ಹೋಗಿ, ಬೈಸಿಕೊಂಡು ಬಾಗಿಲು ತಟ್ಟುವ ಜನ ಬೇರೆ. ಅವರಿಗೆ ನೆಮ್ಮದಿಯಿಲ್ಲ. ಅವರ ನೆಮ್ಮದಿ ತಪ್ಪಿದ್ದರಿಂದಲೇ ಎಷ್ಟೋ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ.

ಮಾಣಿಕಮ್ಮ ಖಾಲಿ ಮನೆಯೊಳಗೆ ಒಮ್ಮೆ ಹೋಗಿ, ನಳ ಬಿಗಿ ಮಾಡಿ ಬಂದರು. ಇಪ್ಪತ್ತೆರಡು ವರ್ಷದ ಹೊಸ್ತಿಲನ್ನು ತಿರುಗಿ ನೋಡಲೂ ಇಲ್ಲ. ಲಾರಿ ರಸ್ತೆಯ ಕಡೆ ಮುಖ ಮಾಡಿ ಗುರುಗುಟ್ಟುತ್ತಿತ್ತು. ಅವರು ಅದರ ಮಗ್ಗುಲಿಂದ ಹಾಯ್ದು, ಚಪ್ಪಲಿಯ ಉಂಗುಟವನ್ನು ನಡೆಯುತ್ತಲೇ ಸರಿಪಡಿಸಿಕೊಂಡು, ಸ್ಟೇಷನ್ನಿನತ್ತ ಓಡಿದರು.