ಓದಲು ಕಪ್ಪು, ಮಾಡಲು ಕೆಂಪು

ಮೂರು ಅಂಗಿಗಳ ಜೇಬು ತಡಕಿದ್ದಾಯಿತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೈದುನ ಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ಅಣ್ಣನಿಗೆ ಹಾಕೋಕೆ ಅಂಗಿ ಕೇಳ್ತಿದಾರೆ. ನೀವಿಲ್ಲಿ ಏನು ಹುಡುಕ್ತಿದೀರ?"

"ಅದೇ, ಅಂಗಿ."

ಗೂಟದಲ್ಲಿದ್ದ ಬಿಳಿ ಅಂಗಿಯನ್ನು ತೆಗೆದುಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು, "ಎಡತೋಳಿನ ಅಂಚಲ್ಲಿ ಶಾಯಿ ಕಲೆ ಇದೆಯಲ್ಲ," ಎಂದ.

"ಅವರ ಯಾವ ಅಂಗಿ ತಗೊಂಡ್ರೂ ಇದೆ."

"ಬಣ್ಣದ ಕಲೆ ಇದ್ದಿದ್ರೆ ಒಪ್ಪಬಹುದಿತ್ತು. ಬ್ರಷ್ ತೊಳೆಯೋನಿಗೆ ಶಾಯಿ ಎಲ್ಲಿಂದ ಬಂತೋ," ಎನ್ನುತ್ತಾ ಅವನು ಹೊರಟೇಹೋದ.

ಉತ್ತರ ಅವಳ ಗಂಟಲವರೆಗೆ ಬಂತು. ಮೂವತ್ತೆರಡು ವರ್ಷ ಅಲ್ಲಿಯವರೆಗೆ ಬಂದು ನಿಂತು ಅಭ್ಯಾಸವಾದ ಉತ್ತರ, ಇವತ್ತೂ ಅಲ್ಲೇ ನಿಂತಿತು.

ನಾಲ್ಕನೆಯ ಜೇಬಿನಲ್ಲಿ, ಮಂಚದ ಕೆಳಗಿದ್ದ ಪೆಟ್ಟಿಗೆಯ ಕೀಲಿಕೈ ಸಿಕ್ಕಿತು. ಅದರ ಜೊತೆಗೇ ಬೆರಳುದ್ದದ ಒಂದು ಕೆಂಪು ಪೆನ್ಸಿಲ್ಲೂ ಬಂತು. ಆಸ್ಪತ್ರೆಯಲ್ಲಿ ಕೊನೆಯ ವಾರ ಗಂಡ ಮೂರು ಸಲ ಕೇಳಿದ್ದ, "ಕೆಂಪು ಪೆನ್ಸಿಲ್ ತಂದ್ಕೊಡೆ." ಜ್ವರದ ಬಡಬಡಿಕೆ ಎಂದುಕೊಂಡು, "ಈಗ ಪೆನ್ಸಿಲ್ ಯಾಕೆ, ಸುಮ್ನೆ ಮಲಗಿ," ಎಂದಿದ್ದಳು. ಅದು ಮನೆಯಲ್ಲಿ ಇಷ್ಟು ಹತ್ತಿರ, ತೂಗುಹಾಕಿದ ಅಂಗಿಯಲ್ಲಿ ಇತ್ತು.

ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಕೋಣೆಗೆ ಬಂದಳು. ಚಾಪೆಯ ಮೇಲೆ ಗಂಡ ಮಲಗಿದ್ದ. ಸುತ್ತ ಇಪ್ಪತ್ತು ಜನ ಕುಳಿತಿದ್ದರು. ಪಕ್ಕದ ಮನೆಯ ಟೈಲರಮ್ಮ ತನ್ನ ಪಕ್ಕದವಳ ಕಿವಿಗೆ ಬಾಗಿ, "ನಿನ್ನೆಯಿಂದ ನೋಡ್ತಿದೀನಿ, ಒಂದು ಹನಿ ಕಣ್ಣೀರು ಹಾಕಿಲ್ಲ," ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಬ್ರಷ್ ಮಾವ ಒಳ್ಳೆಯೋರು. ಯಾರ ತಂಟೆಗೂ ಹೋದೋರಲ್ಲ," ಎಂದು ಇನ್ನೊಬ್ಬಳು ಹೇಳಿದಳು. ಮಾತಿಗೆ ಬೇರೇನೂ ಇಲ್ಲದಾಗ ಸತ್ತವರ ಬಗ್ಗೆ ಹೇಳುವ ಮಾತು ಅದು.

ಹನ್ನೊಂದಕ್ಕೆ ಗಾಡಿ ಬರುತ್ತದೆ. ಅಷ್ಟರೊಳಗೆ ಒಬ್ಬರಾದರೂ, ಒಂದೇ ಒಂದು ಸಲ, ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದನೆಂದು ಬಾಯಿಬಿಟ್ಟು ಹೇಳಬೇಕು. ಗೊತ್ತಿದ್ದವರು ಇಬ್ಬರೇ. ಅವಳು ಹೇಳಿದರೆ, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅನ್ನುತ್ತಾರೆ. ಇನ್ನೊಬ್ಬರು ಇನ್ನೂ ಬಂದಿರಲಿಲ್ಲ.

*

ಗಂಡ ಕೆಲಸಕ್ಕಿದ್ದ ಕಲಾವಿದರಿಗೆ ಮುಖ ಬರೆಯಲು ಬರುತ್ತಿತ್ತು, ಪತ್ರ ಬರೆಯಲು ಬರುತ್ತಿರಲಿಲ್ಲ. ಸಣ್ಣ ಅಕ್ಷರ ಕಂಡರೆ ಅವರ ಕಣ್ಣಿಗೆ ಇರುವೆ ಸಾಲು ಹರಿದಂತಾಗುತ್ತಿತ್ತು. ದೊಡ್ಡದಾಗಿ ಬರೆದುಕೊಟ್ಟರೆ ತಡವರಿಸಿ ಓದುವರು, ಸಹಿಯನ್ನು ಮಾತ್ರ ಅರ್ಧ ಪುಟದಗಲ ಝಾಡಿಸುವರು. ಆದರೆ ಊರಿನ ದೊಡ್ಡ ಮನೆಗಳಲ್ಲಿ ಅವರ ಚಿತ್ರ ಗೋಡೆಯ ಮೇಲಿದ್ದರೆ ಅವರ ಪತ್ರ ಒಡವೆಯ ಪೆಟ್ಟಿಗೆಯಲ್ಲಿರುತ್ತಿತ್ತು.

ಚಿತ್ರಕ್ಕೆ ಕೂರಲು ಬಂದವರ ಹಿಂದೆ ಒಂದು ಮಡಚುವ ಪರದೆ. ಅದರ ಹಿಂದೆ ಅವಳ ಗಂಡ. ಕೂತವರು ಹೊತ್ತು ಕಳೆಯಲು ಆಡಿದ ಮಾತನ್ನೆಲ್ಲ ಕೇಳಿಸಿಕೊಂಡು, ಮಾರನೆಯ ದಿನ ಕಲಾವಿದರ ಪರವಾಗಿ ಪತ್ರ ಬರೆಯುತ್ತಿದ್ದ. ಗಿರಣಿ ಮಾಲೀಕರ ಹೆಂಡತಿಗೆ ಬರೆದದ್ದು ಅವಳಿಗೆ ಈಗಲೂ ಬಾಯಿಪಾಠ: 'ಕೂತಾಗಲೆಲ್ಲ ನೀವು ಉಂಗುರ ತಿರುಗಿಸುತ್ತಿದ್ದಿರಿ. ಚಿತ್ರದಲ್ಲಿ ಅದನ್ನು ಬಿಟ್ಟಿದ್ದೇನೆ. ಆ ಚಿಂತೆ ನಿಮ್ಮದೇ ಆಗಿರಲಿ, ಗೋಡೆಯದಾಗುವುದು ಬೇಡ.' ಆಕೆ ಐದು ಮನೆಯವರನ್ನು ಚಿತ್ರಕ್ಕೆ ಕರೆತಂದಳಂತೆ. ಒಬ್ಬ ನ್ಯಾಯಾಧೀಶರ ನಾಯಿ ಸತ್ತಾಗ ನಾಲ್ಕು ಪುಟ ಬರೆದಿದ್ದ.

ಅವನು ಎಡಚ. ಬರೆಯುತ್ತಾ ಹೋದಂತೆ ಅಂಗಿಯ ತೋಳು ಹಸಿ ಶಾಯಿಯ ಮೇಲೆ ಹರಿದು ಪ್ರತಿ ಸಾಲೂ ಒಂದಿಷ್ಟು ಮಸುಕಾಗುತ್ತಿತ್ತು.

ಸಭೆಯಲ್ಲಿ ಕಲಾವಿದರು ಮಾತಾಡಬೇಕಾದರೆ ಬೇರೆಯೇ ಕ್ರಮ. ದಪ್ಪ ಅಕ್ಷರ, ಎರಡು ಬಣ್ಣ. ಓದುವುದೆಲ್ಲ ಕಪ್ಪು, ಮಾಡುವುದೆಲ್ಲ ಕೆಂಪು. 'ಇಲ್ಲಿ ನಗಿ' ಎಂದು ಕೆಂಪಿನಲ್ಲಿದ್ದರೆ ನಗುವರು. 'ಇಲ್ಲಿ ನೀರು ಕುಡಿಯಿರಿ' ಎಂದಿದ್ದರೆ ಬಾಯಾರಿಕೆ ಇಲ್ಲದಿದ್ದರೂ ಲೋಟ ಎತ್ತುವರು.

ಎಲ್ಲದರ ನಕಲನ್ನೂ ಗಂಡ ಇಟ್ಟುಕೊಂಡಿದ್ದ. ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ವರ್ಷಕ್ಕೊಂದರಂತೆ ಅವನ್ನು ಹೊಲಿದು ಬಟ್ಟೆಯ ಬೆನ್ನು ಹಚ್ಚುತ್ತಿದ್ದಳು. ಒಮ್ಮೆ ಸೂಜಿ ಕಚ್ಚಿಕೊಂಡೇ ಕೇಳಿದ್ದಳು, "ಒಂದು ಮೂಲೇಲಾದ್ರೂ ನಿಮ್ಮ ಹೆಸರು ಹಾಕ್ಬಾರ್ದಾ?"

"ಹಾಕಿದ್ರೆ ಅದು ಬರೀ ಕಾಗದ ಆಗುತ್ತೆ ಕಣೆ," ಎಂದಿದ್ದ. "ಅಷ್ಟು ದೊಡ್ಡೋರು ನನ್ನನ್ನ ಗಮನಿಸಿದ್ರಲ್ಲ ಅನ್ನೋದೇ ಅವರಿಗೆ ಸಂತೋಷ. ನಾನು ಗಮನಿಸಿದ್ರೆ ಯಾರಿಗೆ ಬೇಕು?"

*

ಹತ್ತೂವರೆಗೆ ಕಾರು ಬಂತು. ಮೈದುನ ಓಡಿಹೋಗಿ ಕುರ್ಚಿ ಒರೆಸಿದ. ಎಂಬತ್ತೆರಡರ ಕಲಾವಿದರ ತೋಳು ಹಿಡಿದು ಸಂಗ್ರಹಾಲಯದ ಮೇಡಂ ಒಳಗೆ ಬಂದಳು. ಕಲಾವಿದರ ಪತ್ರಗಳನ್ನು ಮನೆಮನೆಯಿಂದ ಕೂಡಿಸಿ ಪುಸ್ತಕ ಮಾಡುತ್ತಿದ್ದವಳು ಅವಳೇ. ಮುಂದಿನ ತಿಂಗಳು ಅಚ್ಚಿಗೆ ಹೋಗುವುದಿತ್ತು.

"ಸಾಲು ಸಾಲೂ ಸ್ವಲ್ಪ ಒರೆಸಿದ ಹಾಗಿರುತ್ತೆ," ಎಂದು ಅವಳು ಮೈದುನನಿಗೆ ಮೆಲ್ಲಗೆ ವಿವರಿಸುತ್ತಿದ್ದಳು. "ಸಾರ್‌ಗೆ ಬರೆಯೋವಾಗ ಅಷ್ಟು ಆತುರ. ನಾವು ಅದನ್ನೂ ಹಾಗೇ ಅಚ್ಚು ಹಾಕಿಸ್ತಿದೀವಿ."

ಕಲಾವಿದರು ಸತ್ತವನ ಮುಖವನ್ನು ಅಳತೆ ತೆಗೆದುಕೊಳ್ಳುವವರಂತೆ ಬಹಳ ಹೊತ್ತು ನೋಡಿದರು. ಆಮೇಲೆ, "ತಾಯಿ, ಒಂದು ನಿಮಿಷ ಒಳಗೆ ಬರ್ತೀರಾ?" ಎಂದರು.

ಒಳಕೋಣೆಯಲ್ಲಿ ಅವರ ಕಣ್ಣು ನೇರ ಮಂಚದ ಕೆಳಗೆ ಹೋಯಿತು.

"ನಕಲೆಲ್ಲ ಆ ಪೆಟ್ಟಿಗೇಲೇ ಇದೆಯಾ?"

"ಇದೆ. ಮೂವತ್ತೆರಡೂ."

"ನನ್ನ ಕಾರಲ್ಲಿ ಇಡಿಸ್ಬಿಡಿ. ಈಗಲೇ. ಆ ಮೇಡಂ ಕಣ್ಣಿಗೆ ಬೀಳೋ ಮುಂಚೆ."

"ಅವರಿನ್ನೂ ಮನೇಲೇ ಇದಾರೆ ಸಾರ್. ಹೊರಡೋವರೆಗಾದ್ರೂ ತಡೀಬಾರ್ದಾ?"

ಕಲಾವಿದರು ಮಂಚದ ಅಂಚಿನ ಮೇಲೆ ಕುಸಿದರು. "ಈ ವಯಸ್ಸಲ್ಲಿ ಊರೆಲ್ಲ ನಕ್ಕರೆ ನಾನೆಲ್ಲಿ ಮುಖ ಇಟ್ಕೊಳ್ಲಿ?"

"ಊರಿಗೆ ಬೇಡ. ಆಚೆ ಕೂತಿರೋ ಇಪ್ಪತ್ತು ಜನಕ್ಕೆ ಹೇಳಿ, ಸಾಕು. ಪತ್ರ ಬರೆದಿದ್ದು ಇವರು ಅಂತ. ಒಂದು ವಾಕ್ಯ. ಪೆಟ್ಟಿಗೆ ನೀವೇ ತಗೊಂಡು ಹೋಗಿ, ಸುಡ್ತೀರೋ ಇಟ್ಕೋತೀರೋ ನಿಮಗೆ ಬಿಟ್ಟಿದ್ದು."

"ನನಗೆ ಆ ವಾಕ್ಯ ಬರಲ್ಲ ತಾಯಿ. ಯಾವ ವಾಕ್ಯ ಬಂದಿದೆ ಹೇಳಿ? ನಾಲ್ಕು ಮಾತಾಡ್ಬೇಕು ಸಾರ್ ಅಂತ ಆ ಮೇಡಂ ಅಂದಾಗಿಂದ ಏನೂ ತೋಚ್ತಿಲ್ಲ. ಮಾತೆಲ್ಲ ಅಲ್ಲಿ ಚಾಪೆ ಮೇಲೆ ಮಲಗಿದೆ." ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು. "ಇದೊಂದಿದೆ. ಆಸ್ಪತ್ರೇಲಿ ಕೊಟ್ಟ. 'ನಾನು ಹೋದ ದಿನ ಓದಿ ಸಾರ್, ನಿಮಗೆ ತೊಂದರೆ ಆಗಬಾರದು' ಅಂದ. ಬಿಚ್ಚಿ ಕೂಡ ನೋಡಿಲ್ಲ. ಅವನು ಪಕ್ಕದಲ್ಲಿ ಕೂತು ಎರಡು ಸಲ ಓದಿಸದೆ ನಾನು ಯಾವತ್ತೂ ಓದಿದೋನಲ್ಲ."

ಅವಳು ಕೈ ಚಾಚಿದಳು. ಕಲಾವಿದರು ಹಾಳೆಯನ್ನು ಎದೆಗೆ ಒತ್ತಿಕೊಂಡರು.

"ಬೇಡ. ಅವನು ಬರೆದಿದ್ರೆ ಓದೇ ಓದ್ತೀನಿ. ಅವನು ಬರೆದಿದ್ದರಲ್ಲಿ ನಾನು ಒಂದಕ್ಷರ ಬಿಟ್ಟೋನಲ್ಲ."

"ಬರೀದೇ ಇದ್ರೆ?"

ಅವರು ಹಾಳೆಯನ್ನು ಮತ್ತೆ ಜೇಬಿಗೆ ಸೇರಿಸಿದರು.

"ಬರೀದೇ ಇದ್ರೆ ಆ ಮೇಡಂ ಎದುರಿಗೇ ಪೆಟ್ಟಿಗೆ ತೆಗೀತೀನಿ," ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. ಹೊರಗೆ ಹೋಗುವಾಗ ಚಾಪೆಯ ಮೇಲಿದ್ದವನನ್ನು ಮನಸ್ಸಿನಲ್ಲೇ ಅಂಗಲಾಚಿದಳು: ಬರೆದಿದೀರಾ? ಒಂದು ಸಾಲಾದ್ರೂ ನಿಮಗೋಸ್ಕರ ಬರ್ಕೊಂಡಿದೀರಾ?

*

ಎಷ್ಟೋ ವರ್ಷದ ಹಿಂದೆ ಅವಳಿಗೂ ಗಂಡನಿಗೂ ಹನ್ನೊಂದು ತಿಂಗಳ ಮಗು ಇತ್ತು. ಎರಡು ದಿನದ ಜ್ವರಕ್ಕೆ ಹೋಯಿತು. ಬೆಳಗ್ಗೆ ಎಲ್ಲ ಮುಗಿಸಿ ಬಂದವನೇ ಗಂಡ ಕೈಕಾಲು ತೊಳೆದು ಕೆಲಸಕ್ಕೆ ಹೋದ. ಅವನು ತಡವಾಗಿ ಹೋದದ್ದು ಆ ಒಂದೇ ದಿನ, ಅದೂ ಎರಡೇ ಗಂಟೆ. ಅವಳಿಗೆ ಅವನ ಮುಖ ನೋಡುವುದೇ ಬೇಡವಾಯಿತು. ಅವನಾದರೂ ಒಂದು ಮಾತು ಆಡಲಿಲ್ಲ. ಜನ ಬಂದು ಎದುರು ಕೂತು ನೋಡುತ್ತಿದ್ದರೆ ಅವಳಿಗೆ ಅಳು ಕಲ್ಲಾಗುತ್ತಿತ್ತು. ಎಲ್ಲರೂ ಹೋದ ಮೇಲೆ, ಅವನು ಗೋಡೆಯ ಕಡೆ ಹೊರಳಿ ಮಲಗಿದ ಮೇಲೆ ಮಾತ್ರ ಅಳುತ್ತಿದ್ದಳು.

ನಾಲ್ಕನೆಯ ದಿನ ಅವಳ ಹೆಸರಿಗೆ ಅಂಚೆಯಲ್ಲಿ ಪತ್ರ ಬಂತು. ಕೆಳಗೆ ಕಲಾವಿದರ ಸಹಿ. ಅವರಿಗೆ ಮಗು ಇದ್ದದ್ದೇ ಗೊತ್ತಿತ್ತೋ ಇಲ್ಲವೋ. 'ಅಮ್ಮ, ಮಗುವಿನ ಭಾರ ತೋಳಿನಿಂದ ಬೇಗ ಇಳಿಯುವುದಿಲ್ಲ,' ಎಂದಿತ್ತು. 'ಎತ್ತಿಕೊಂಡಿದ್ದ ಕೈ ಖಾಲಿಯಾದರೂ ಬಹಳ ದಿನ ಇನ್ನೊಂದು ಕೈಯಲ್ಲೇ ಬಾಗಿಲು ತೆಗೆಯಬೇಕಾಗುತ್ತದೆ.'

ಆ ಸಂಜೆ ಅವಳು ಬಾಗಿಲನ್ನೇ ನೋಡುತ್ತಾ ಕುಳಿತಳು. ಎಡಚ ಗಂಡ ಬಲಗೈಯಲ್ಲಿ ಚಿಲಕ ತೆಗೆದು ಒಳಗೆ ಬಂದ. ಎಡತೋಳು ಎದೆಯ ಹತ್ತಿರ ಮಡಚಿಕೊಂಡೇ ಇತ್ತು.

ಪತ್ರ ಬಂತು ಎಂದು ಅವಳು ಹೇಳಲಿಲ್ಲ. ಬಂತೇ ಎಂದು ಅವನು ಕೇಳಲಿಲ್ಲ.

*

ಗಾಡಿ ಬಂದು ಬಾಗಿಲಲ್ಲಿ ನಿಂತಿತು. "ಸಾರ್ ಎರಡು ಮಾತಾಡ್ತಾರೆ," ಎಂದು ಮೇಡಂ ಹೇಳಿದಳು. ಕಲಾವಿದರು ಎದ್ದುನಿಂತು ಹಾಳೆ ಬಿಚ್ಚಿದರು. ಕಿಟಕಿಯ ಬೆಳಕಿಗೆ ಅಕ್ಷರಗಳು ಹಿಂದಿನಿಂದಲೂ ಕಾಣುತ್ತಿದ್ದವು. ದಪ್ಪಗಿದ್ದವು, ಆದರೆ ಎಲ್ಲವೂ ಒಂದೇ ಬಣ್ಣ.

ಅವಳ ಕೈ ಸೊಂಟದಲ್ಲಿದ್ದ ಪೆನ್ಸಿಲ್ಲಿನ ಮೇಲೆ ಹೋಯಿತು. ಆಗ ಅರ್ಥವಾಯಿತು ಅವನು ಅದನ್ನು ಯಾಕೆ ಕೇಳಿದ್ದನೆಂದು.

"ಇವರು ನನ್ನ ಬಳಿ ಮೂವತ್ತೆರಡು ವರ್ಷ ಕೆಲಸ ಮಾಡಿದರು," ಎಂದು ಕಲಾವಿದರು ಒಂದೊಂದೇ ಪದ ಹಿಡಿದು ಓದಿದರು. "ಬೆಳಗ್ಗೆ ಬಾಗಿಲು ತೆರೆಯುವವರು ಇವರು. ಸಂಜೆ ಮುಚ್ಚುವವರು ಇವರು. ಬ್ರಷ್ಷುಗಳನ್ನು ಚೆನ್ನಾಗಿ ತೊಳೆಯುತ್ತಿದ್ದರು."

ಮೈದುನ ತಲೆಯಾಡಿಸಿದ. ಅವಳು ಕಣ್ಣು ಮುಚ್ಚಿಕೊಂಡಳು. ನ್ಯಾಯಾಧೀಶರ ನಾಯಿಗೆ ನಾಲ್ಕು ಪುಟ ಬರೆದವನು ತನಗೆ ಬರೆದುಕೊಂಡದ್ದು ಇಷ್ಟೇ.

"ತಡವಾಗಿ ಬಂದದ್ದು ಒಂದೇ ದಿನ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದು ಈ ಮನೆಯಲ್ಲಿ ಒಬ್ಬರಿಗೆ ಗೊತ್ತು." ಕಲಾವಿದರು ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲಿಗೆ ಬೆರಳಿಟ್ಟರು. "ಇಲ್ಲಿ ಆಕೆಯ ಕಡೆ ನೋಡಬೇಡಿ. ಯಾರಾದರೂ ನೋಡುತ್ತಿದ್ದರೆ ಆಕೆಗೆ ಅಳಲು ಆಗುವುದಿಲ್ಲ."

ಇಪ್ಪತ್ತು ಜನರೂ ಒಟ್ಟಿಗೆ ತಿರುಗಿ ಅವಳನ್ನು ನೋಡಿದರು. ತಾನೇನು ಓದಿದೆನೆಂದು ತಿಳಿಯದೆ ಕಲಾವಿದರೂ ನೋಡಿದರು.

"ಎಂಥಾ ಮಾತು," ಎಂದಳು ಟೈಲರಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. "ಅದಕ್ಕೇ ಹೇಳೋದು, ದೊಡ್ಡೋರು ಅಂತ."

ಮೇಡಂ ಕಲಾವಿದರ ಕೈಯಿಂದ ಹಾಳೆ ತೆಗೆದುಕೊಂಡಳು. "ಪುಸ್ತಕದ ಕೊನೇ ಪುಟ ಇದೇ ಆಗ್ಬೇಕು ಸಾರ್."

"ಅದರಲ್ಲೊಂದು ತಪ್ಪಿದೆ," ಎಂದಳು ಅವಳು.

ಎಲ್ಲರೂ ನೋಡುತ್ತಿದ್ದಂತೆ ಹಾಳೆಯನ್ನು ಇಸಿದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಹರವಿದಳು. ಸೊಂಟಕ್ಕೆ ಕೈ ಹಾಕಿದಾಗ ಪೆನ್ಸಿಲ್ಲಿನ ಜೊತೆ ಕೀಲಿಕೈಯೂ ಬಂತು. ಅದನ್ನು ಹಾಳೆಯ ಪಕ್ಕ ಇಟ್ಟು, ಕೊನೆಯ ಎರಡು ಸಾಲಿನ ಒಂದೊಂದು ಅಕ್ಷರದ ಮೇಲೂ ಕೆಂಪು ಪೆನ್ಸಿಲ್ ಆಡಿಸತೊಡಗಿದಳು.

"ಅಮ್ಮಾ, ಏನು ಮಾಡ್ತಿದೀರ? ಅದು ಸಾರ್ ಅಕ್ಷರ," ಎಂದು ಮೇಡಂ ಮುಂದೆ ಬಂದು ಬಾಗಿದಳು. ಬಾಗಿದವಳು ಹಾಗೇ ನಿಂತಳು. ಸಾಲು ಸಾಲೂ ಮಸುಕಾಗಿತ್ತು. ಮೇಡಂ ಹಾಳೆಯಿಂದ ಕಣ್ಣೆತ್ತಿ ಚಾಪೆಯ ಕಡೆ ನೋಡಿದಳು. ಬಿಳಿ ಅಂಗಿಯ ಎಡತೋಳಿನ ಅಂಚಿನಲ್ಲಿ ಆ ನೋಟ ನಿಂತುಬಿಟ್ಟಿತು.

"ಹೊತ್ತಾಯ್ತು ಅತ್ತಿಗೆ," ಎಂದ ಮೈದುನ.

ಅವಳು ತಿದ್ದುತ್ತಲೇ ಇದ್ದಳು. ಕುರ್ಚಿಯಲ್ಲಿ ಕುಸಿದಿದ್ದ ಕಲಾವಿದರು ತಲೆಯೆತ್ತಿದರು. ಅವರ ಕಣ್ಣಿಗೆ ಕೆಂಪು ಬಿತ್ತು. ತುಟಿ ಆಡಿಸುತ್ತಾ, ದೂರದಿಂದಲೇ, ಪದ ಪದ ಹಿಡಿದು ಇನ್ನೊಮ್ಮೆ ಓದಿಕೊಂಡರು. ಆಮೇಲೆ ನಿಧಾನವಾಗಿ ಕುರ್ಚಿಯನ್ನು ಹಿಡಿದು ಎದ್ದು, ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತರು.