ಕಾಳವ್ವನ ಮೇಜಿನ ಕೆಳಗೆ

ನಾನು ಒಂದು ರೂಟರ್. ಹೆಸರು ಕೇಳಿದ ಕೂಡಲೇ ನಿಮ್ಮ ಮನೆಯ ಗೋಡೆಗೆ ಅಂಟಿಕೊಂಡು ಹಸಿರು ದೀಪ ಮಿಟುಕಿಸುವ ಪೆಟ್ಟಿಗೆಯನ್ನು ನೆನೆಯಬೇಡಿ. ಅದು ಇಂಟರ್ನೆಟ್ ಹಂಚುವ ಸುಖಜೀವಿ. ನಾನು ಮರ ಕೊರೆಯುವವನು, ಬಡಿಗರ ಮನೆಯ ಆಳು. ಒಂದು ಮೋಟಾರು, ಅದರ ತುದಿಗೊಂದು ಬಾಯಿ, ಅಷ್ಟೇ ನನ್ನ ದೇಹ. ಆ ಬಾಯಿಗೆ ಯಾವ ಬಿಟ್ಟು, ಅಂದರೆ ಕೊರೆಯುವ ಅಲಗು, ಕಚ್ಚಿಸುತ್ತೀರೋ ಆ ಕೆಲಸ ಮಾಡುತ್ತೇನೆ. ಒಂದು ಬಿಟ್ಟು ಹಲಗೆಯ ಅಂಚನ್ನು ಗುಂಡಗೆ ಮಾಡಿದರೆ ಇನ್ನೊಂದು ನೇರವಾಗಿ ಕಾಲುವೆ ತೋಡುತ್ತದೆ. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ನಡೆದದ್ದು ನಿಮಗೆ ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನದೋ ನನಗೆ ಗೊತ್ತಿಲ್ಲ. ಕೈಗವಸು ಹಾಕಿದ್ದ ಹೆಂಗಸೊಬ್ಬಳು ನನ್ನನ್ನು ಒಂದೇ ಒಂದು ಸಲ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ಡಬ್ಬಿಯಲ್ಲಿಟ್ಟಳು. ಆಮೇಲೆ ಕೈಗವಸು ಹಾಕಿದ ಕೈಯನ್ನು ನಾನು ನೋಡಲೇ ಇಲ್ಲ. ಡಬ್ಬಿ ತೆರೆದಾಗ ಲಕ್ಷ್ಮೇಶ್ವರದಲ್ಲಿದ್ದೆ, ಮಾನಪ್ಪ ಬಡಿಗೇರನ ಅಂಗಡಿಯಲ್ಲಿ.

ಮಾನಪ್ಪ ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಿದ್ದ. ಅವನ ಹೆಂಡತಿ ಕಾಳವ್ವ ಮೊದಮೊದಲು ಪಾಲಿಶ್ ಕಾಗದ ತಿಕ್ಕುತ್ತಿದ್ದಳು. ಗಂಡ ಊಟಕ್ಕೆ ಹೋದಾಗ ನನ್ನನ್ನು ಕೈಗೆತ್ತಿಕೊಂಡು ನೋಡುತ್ತ ನೋಡುತ್ತ ಕೆಲಸ ಕಲಿತಳು. ಆರು ತಿಂಗಳಿಗೆ ಅವಳು ತೆಗೆದ ಅಂಚಿನ ಮೇಲೆ ಗಂಡನೇ ಬೆರಳಾಡಿಸಿ ತಲೆದೂಗುವಂತಾಯಿತು. ಆದರೆ ನನ್ನ ಭಾರಕ್ಕೆ ಅವಳ ಮಣಿಕಟ್ಟು ನೋಯುತ್ತಿತ್ತು.

"ಇದನ್ನ ಹಿಡಕೊಂಡು ಹಲಗಿ ಮ್ಯಾಲ ಓಡ್ಸೋದ್ಕಿಂತ, ಇದನ್ನ ಒಂದ್ ಕಡೆ ಕಟ್ಟಿಹಾಕಿ ಹಲಗೀನ ಓಡ್ಸಿದ್ರ ಆಗಂಗಿಲ್ಲೇನ್ರಿ?" ಎಂದು ಒಂದು ದಿನ ಕೇಳಿದಳು.

ಮಾನಪ್ಪ ನಕ್ಕ. ನಕ್ಕವನು ಮರುದಿನವೇ ದಪ್ಪ ಪ್ಲೈವುಡ್ಡಿನ ಮೇಜು ಮಾಡಿ, ಮೇಲೆ ನುಣ್ಣನೆಯ ಸನ್‌ಮೈಕಾ ಅಂಟಿಸಿ, ನಡುವೆ ತೂತು ಕೊರೆದ. ನನ್ನ ಪಾದದ ತಟ್ಟೆ ಬಿಚ್ಚಿ, ಕಬ್ಬಿಣದ ತಟ್ಟೆಗೆ ನಾಲ್ಕು ಸ್ಕ್ರೂ ಹಾಕಿ, ಬಾವಲಿಯ ಹಾಗೆ ತಲೆಕೆಳಗಾಗಿ ತೂಗುಬಿಟ್ಟ. ಮೈಯೆಲ್ಲ ಮೇಜಿನ ಕೆಳಗೆ, ಬಾಯಿ ಮಾತ್ರ ಮೇಲೆ. ನನ್ನ ಸ್ವಿಚ್ಚಿಗೆ ಅಲ್ಲಿ ಕೈ ಎಟುಕುವುದಿಲ್ಲವೆಂದು ಅದನ್ನು ಚಾಲೂ ಇರುವಂತೆಯೇ ಟೇಪು ಸುತ್ತಿಬಿಟ್ಟ. ಗೋಡೆಯ ಬೋರ್ಡಿನಲ್ಲಿ ಸ್ವಿಚ್ ಒತ್ತಿದರೆ ತಿರುಗಬೇಕು, ಆರಿಸಿದರೆ ನಿಲ್ಲಬೇಕು.

ಅಂದಿನಿಂದ ಮನುಷ್ಯರೆಂದರೆ ನನಗೆ ಕಾಲುಗಳು. ಟಾಯರಿನ ಚಪ್ಪಲಿ ಬಂದರೆ ಮಾನಪ್ಪ, ಸವೆದ ಬೆಳ್ಳಿಯ ಕಾಲುಂಗುರ ಬಂದರೆ ಕಾಳವ್ವ.

ತೊಂದರೆಯೆಲ್ಲ ಬಿಟ್ಟು ಬದಲಿಸುವಾಗ. ಪ್ಲಗ್ ಕಿತ್ತು, ಮೇಜಿನ ಕೆಳಗೆ ತೂರಿ, ಸ್ಕ್ರೂ ಬಿಚ್ಚಿ, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಟ್ಟು ಸಡಿಲಿಸಬೇಕಿತ್ತು. ವಯರು ಗಿಡ್ಡ, ಪ್ಲಗ್ ಕೀಳದೆ ನಾನು ಹೊರಗೆ ಬರುತ್ತಲೇ ಇರಲಿಲ್ಲ. ಕಾಳವ್ವನ ಸೊಂಟ ಹಿಡಿದುಕೊಂಡಿತು. ಅದನ್ನು ನೋಡಲಾರದೆ ಮಾನಪ್ಪ ಗ್ಯಾರೇಜಿನಿಂದ ಕಾರಿನ ಹಳೆಯ ಜಾಕ್ ತಂದು ನನ್ನ ಕೆಳಗೆ ಕೂರಿಸಿದ. ಹಿಡಿಕೆ ತಿರುವಿದರೆ ನಾನು ಮೇಲೇರಿ ಮೇಜಿನಿಂದ ಕತ್ತು ಚಾಚುತ್ತಿದ್ದೆ. ನಿಂತಲ್ಲೇ ಪಾನಾ ಹಾಕಿ ನಟ್ಟು ಸಡಿಲಿಸಿ, ಹಳೆ ಬಿಟ್ಟು ತೆಗೆದು, ಹೊಸದು ಇಟ್ಟು ಬಿಗಿದರಾಯಿತು, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಹೆಂಡತಿಯ ಮೇಲಿನ ಅಕ್ಕರೆಯಿಂದಲೇ ಅವನು ಅದನ್ನು ಮಾಡಿದ್ದು. ಈ ಮಾತನ್ನು ನಾನು ಮುಚ್ಚಿಡಲಾರೆ.

ಈಗ ಪ್ಲಗ್ ಕೀಳಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಮಾನಪ್ಪ ಕೀಳುವುದನ್ನು ಬಿಟ್ಟ. ಕಾಳವ್ವ ಬಿಡಲಿಲ್ಲ. ಮರದ ರಾಶಿಯ ಹಿಂದಿದ್ದ ಬೋರ್ಡಿನವರೆಗೆ ನಡೆದು, ಪ್ಲಗ್ ಕಿತ್ತು ಬಂದೇ ನನ್ನನ್ನು ಮುಟ್ಟುತ್ತಿದ್ದಳು.

ಮಾನಪ್ಪನಿಗೆ ಇನ್ನೊಂದು ಚಾಳಿಯಿತ್ತು. ಕರೆಂಟ್ ಹೋದಾಗ ಬೋರ್ಡಿನ ಸ್ವಿಚ್ ಆರಿಸದೆ ಎದುರಿನ ಚಹಾದಂಗಡಿಯಲ್ಲಿ ಹೋಗಿ ಕೂರುತ್ತಿದ್ದ. "ಕರೆಂಟ್ ಬಂದ್ರ ಅದರ ಸಪ್ಪಳಾನ ಕರೀತೈತಿ" ಎನ್ನುತ್ತಿದ್ದ. ಮರ ಕೊರೆಯಲು ಹುಟ್ಟಿದ ನಾನು ಹೀಗೆ ಅವನ ಗಂಟೆಯೂ ಆದೆ.

ಆ ವರ್ಷ ಅವರ ಮಗಳು ಶಕುಂತಲಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಕಾಳವ್ವ ಸಾಗವಾನಿಯ ತೊಟ್ಟಿಲು ಮಾಡಲು ಹಿಡಿದಿದ್ದಳು. ಕೂಸಿಗೆ ತರಚಬಾರದೆಂದು ಹಲಗೆಗಳ ಅಂಚನ್ನೆಲ್ಲ ಗುಂಡಗೆ ಮಾಡುತ್ತಿದ್ದಳು. ಮೂರು ಹಲಗೆ ಮುಗಿದು, ನಡುವೆ ಕಾಲುವೆ ತೋಡುವ ಕೆಲಸವೂ ಆಗಿ, ನಾಲ್ಕನೆಯದಕ್ಕೆ ಗುಂಡು ಬಿಟ್ಟು ಹಾಕಬೇಕೆನ್ನುವಾಗ ಕರೆಂಟ್ ಹೋಯಿತು. ಕಾಳವ್ವ ಎಂದಿನಂತೆ ಹೋಗಿ ಪ್ಲಗ್ ಕಿತ್ತಳು. ಒಲೆಯ ಮೇಲಿನ ಬೇಳೆ ನೆನಪಾಗಿ ಒಳಗೆ ಹೋದಳು.

ಅಷ್ಟರಲ್ಲಿ ಟಾಯರಿನ ಚಪ್ಪಲಿ ಬಂತು. ಮರದ ರಾಶಿಯ ಹಿಂದೆ ಹೋಗಿ ನಿಂತಿತು. ಪ್ಲಗ್ ಒಳಗೆ ಕೂತ ಸದ್ದು ಕೇಳಿದೆ, ಸ್ವಿಚ್ಚು ಟಿಕ್ ಎಂದದ್ದೂ ಕೇಳಿದೆ. ಮಾನಪ್ಪ ಯಾರಿಗೂ ಏನೂ ಹೇಳದೆ ಚಹಾಕ್ಕೆ ಹೊರಟುಹೋದ.

ಕಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಜಾಕ್ ತಿರುವಿ ನನ್ನನ್ನು ಮೇಲೆತ್ತಿದಳು. ಗುಂಡು ಬಿಟ್ಟನ್ನು ಬಾಯಿಗಿಟ್ಟು ಬಿಗಿದಳು. ಪಾನಾ ಪಕ್ಕಕ್ಕಿಟ್ಟು, ಬಿಟ್ಟು ಎಷ್ಟು ಎತ್ತರ ನಿಂತಿದೆಯೆಂದು ಬಲಗೈಯ ಬೆರಳು ಹಚ್ಚಿ ಅಳೆಯತೊಡಗಿದಳು. ನನ್ನ ಮೈಯೆಲ್ಲ ಬಾಯಾಗಿ ಕೂಗಬೇಕೆನಿಸಿತು. ಆದರೆ ಕರೆಂಟ್ ಬರದೆ ನನಗೆ ದನಿಯಿಲ್ಲ. ಕರೆಂಟ್ ಬಂತು. ನಾನು ಕೂಗಿದೆ.

ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಇದಕ್ಕಿಂತ ಹೆಚ್ಚು ಹೇಳಲಾರೆ. ಮಾನಪ್ಪ ಚಪ್ಪಲಿ ಕಳಚಿ ಬಿದ್ದರೂ ಬರಿಗಾಲಲ್ಲೇ ಓಡಿಬಂದು ಪ್ಲಗ್ ಕಿತ್ತ. ತಾನು ಕಿತ್ತಿದ್ದ ಪ್ಲಗ್ಗು ಮತ್ತೆ ಬೋರ್ಡಿನಲ್ಲಿತ್ತೆಂಬುದು ಕಾಳವ್ವನಿಗೆ ನೆಲದ ಮೇಲೆ ಕುಸಿದು ಕೂತಲ್ಲಿಂದಲೇ ತಿಳಿಯಿತು.

ನಾಲ್ಕು ದಿನದ ಮೇಲೆ ಮಾನಪ್ಪನ ಅಣ್ಣ ಗುರುನಾಥ ಬಂದ. ಹೇಗಾಯಿತೆಂದು ಕೇಳಿದ.

"ಪ್ಲಗ್ ತಗಿಯೋದು ಮರ್ತಾಳ. ನೂರು ಸಲ ಹೇಳೇನಿ," ಎಂದ ಮಾನಪ್ಪ.

"ಹೆಂಗಸೂರಿಗೆ ಯಾಕ ಬೇಕಿತ್ತೋ ಮಷೀನು," ಎಂದ ಗುರುನಾಥ.

ಒಳಬಾಗಿಲ ಹೊಸ್ತಿಲಲ್ಲಿ ಕಾಲುಂಗುರಗಳಿದ್ದವು. ಅಲುಗಾಡಲಿಲ್ಲ. ಅವಳು ಯಾಕೆ ಬಾಯಿಬಿಡಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ಅಣ್ಣನೆದುರು ಗಂಡನ ತಲೆ ತಗ್ಗಬಾರದೆಂದಿರಬಹುದು, ಅವನೇ ತಿದ್ದಿ ಹೇಳಲೆಂದು ಕಾದಿರಬಹುದು. ಅವನು ತಿದ್ದಲಿಲ್ಲ. ಸುಳ್ಳು ಚಹಾದಂಗಡಿ ದಾಟಿ ಓಣಿಗೆ ಹೋಯಿತು, ಓಣಿಯಿಂದ ಬೀಗರ ಮನೆಗೂ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು. ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ಗಾಯ ಮಾಯ್ದ ಮೇಲೆ ಕಾಳವ್ವ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ನಾಲ್ಕನೆಯ ಹಲಗೆಯನ್ನು ಎಡಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು, ಬಲಗೈಯಲ್ಲಿ ಉಳಿದ ಬೆರಳುಗಳಿಂದ ಒತ್ತಿ ಹಿಡಿದು, ಮೆಲ್ಲಗೆ ಮುಂದೂಡಿ ನೋಡಿದಳು. ನಾನು ನಿಂತೇ ಇದ್ದೆ, ಬರಿಯ ಅಭ್ಯಾಸಕ್ಕೆ ನೂಕುತ್ತಿದ್ದಳು. ಹಲಗೆ ಸೊಟ್ಟಗಾಗದೆ ಸಾಗಿತು. ಎರಡನೆಯ ಸಲವೂ ಸಾಗಿತು.

"ಇನ್ನೊಂದು ಕೈನೂ ಕಳ್ಕೋಬೇಕಂತೀ ಏನು?" ಎನ್ನುತ್ತ ಮಾನಪ್ಪ ಹಲಗೆ ಕಸಿದುಕೊಂಡ.

"ನನಗ ಕೆಲಸ ಬರ್ತೈತ್ರಿ," ಎಂದಳು ಕಾಳವ್ವ.

"ಮಂದಿ ಏನಂದಾರು? ಸಾಕಿನ್ನ, ಒಳಗ ಹೋಗು."

ಅವಳು ಒಳಗೆ ಹೋದಳು. ತೊಟ್ಟಿಲು ಮುಗಿಯಲೇ ಇಲ್ಲ. ಮೊಮ್ಮಗುವನ್ನು ಪೇಟೆಯಿಂದ ತಂದ ಸ್ಟೀಲಿನ ತೊಟ್ಟಿಲಲ್ಲಿ ಹಾಕಿದರು. ನಾಲ್ಕನೆಯ ಹಲಗೆ ಚೂಪು ಅಂಚಿನೊಂದಿಗೆ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿತ್ತು. ಹೆಂಡತಿಗೆ ನನ್ನ ಸಪ್ಪಳ ಕೇಳಿದರೆ ಎದೆ ಝಲ್ಲೆನ್ನುತ್ತದೆ ಎಂದು ಮಾನಪ್ಪ ಎಲ್ಲರಿಗೂ ಹೇಳಿ ನನ್ನನ್ನು ಮಾರಲು ಹೊರಟ. ಎದೆ ಝಲ್ಲೆನ್ನುತ್ತಿದ್ದದ್ದು ಯಾರಿಗೆಂಬುದು ಅವನ ಕಾಲುಗಳಿಗೆ ಗೊತ್ತಿತ್ತು. ನಾನು ತಿರುಗಿದಾಗಲೆಲ್ಲ ಅವು ಹಿಂದಕ್ಕೆ ಸರಿಯುತ್ತಿದ್ದವು.

ಕೊಳ್ಳಲು ಬಂದವನು ಸವಣೂರಿನ ದಾವಲಸಾಬ, ಇವನೂ ಬಾಗಿಲು ಮಾಡುವವನೇ. ಮಾನಪ್ಪ ಅವನಿಗೂ ಅದೇ ಕತೆ ಹೇಳಿದ: ಪ್ಲಗ್ ತೆಗೆಯುವುದನ್ನು ಮರೆತಳು. ಆಗ ಕಾಳವ್ವ ಹೊರಗೆ ಬಂದಳು. ಮೇಜಿನ ಕೆಳಗೆ ಕೂತಳು. ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡದೆ ಎಷ್ಟೋ ದಿನವಾಗಿತ್ತು. ಎಡಗೈಯಿಂದಲೇ ಒಂದೊಂದು ಸ್ಕ್ರೂ ಬಿಚ್ಚಿ, ನನ್ನನ್ನು ತೊಡೆಗೆ ಇಳಿಸಿಕೊಂಡು, ಸೆರಗಿನಿಂದ ಮರದ ಪುಡಿ ಒರೆಸಿ ದಾವಲಸಾಬನ ಕೈಗಿಟ್ಟಳು.

"ಅಣ್ಣಾರ, ಬಿಟ್ಟು ಬದಲಿ ಮಾಡೂ ಮುಂದ ಪ್ಲಗ್ ತಗೀರಿ. ತಗದು ಕಣ್ಣ ಮುಂದ ಇಟ್ಕೋರಿ," ಎಂದಳು. "ತಗದೇನಿ ಅಂತ ನಂಬಿ ಕುಂಡ್ರಬ್ಯಾಡ್ರಿ. ನೀವು ಒಳಗ ಹೋದಾಗ ಯಾರರ ಮತ್ತ ಹಾಕಿರ್ತಾರ."

ದಾವಲಸಾಬ ಅವಳ ಕೈ ನೋಡಿದ, ಆಮೇಲೆ ಮಾನಪ್ಪನ ಮುಖ ನೋಡಿದ. ಟಾಯರಿನ ಚಪ್ಪಲಿಗಳು ಗೋಡೆಯವರೆಗೆ ಸರಿದು ನಿಂತಿದ್ದವು.

ಸವಣೂರಿನಲ್ಲಿ ಹನ್ನೊಂದು ವರ್ಷ ದುಡಿದೆ. ದಾವಲಸಾಬ ತನ್ನ ಮೇಜಿನ ಅಂಚಿಗೊಂದು ಮೊಳೆ ಹೊಡೆದು, ಬಿಟ್ಟು ಬದಲಿಸುವಾಗಲೆಲ್ಲ ಪ್ಲಗ್ಗನ್ನು ಕಣ್ಣೆದುರು ಅದಕ್ಕೆ ನೇತುಹಾಕುತ್ತಿದ್ದ. ಕಾಳವ್ವನ ಸುದ್ದಿ ಆಮೇಲೆ ನನಗೆ ಸಿಗಲಿಲ್ಲ. ಮೋಟಾರಿನ ಕಾರ್ಬನ್ ಸವೆಯಿತು, ಬೇರಿಂಗ್ ಕಿರುಗುಟ್ಟಿತು. ದಾವಲಸಾಬ ತೀರಿಕೊಂಡ ಮೇಲೆ ನಾನು ಹುಬ್ಬಳ್ಳಿಯ ಗುಜರಿಗೆ ಬಂದು ಬಿದ್ದೆ.

ಇವತ್ತು ಮುಂಜಾನೆ ಗುಜರಿಯವನು ನನ್ನನ್ನು ರಾಶಿಯಿಂದ ಎತ್ತಿಕೊಂಡ. ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಕರೆಂಟ್ ಇರಲಿಲ್ಲ. "ಬಂದಾಗ ಗೊತ್ತಾಗ್ತೈತಿ ಬಿಡು," ಎಂದು ಪ್ಲಗ್ಗನ್ನು ಅಲ್ಲೇ ಬಿಟ್ಟು, ನನ್ನನ್ನು ತೊಡೆಯ ಮೇಲಿಟ್ಟುಕೊಂಡ. ನನ್ನ ಬಾಯಲ್ಲಿ ತುಕ್ಕು ಹಿಡಿದು ಕೂತಿದ್ದ ಬಿಟ್ಟನ್ನು ಬರಿಗೈಯಲ್ಲಿ ಹಿಡಿದು ಅಲುಗಾಡಿಸತೊಡಗಿದ. ಅವನ ಐದೂ ಬೆರಳು ಅದರ ಸುತ್ತ ಇದ್ದವು. ನನಗೆ ಕೂಗಲು ದನಿಯಿರಲಿಲ್ಲ, ಅಂದಿನ ಹಾಗೆಯೇ.

ಗೋಡೆಯ ಫ್ಯಾನು ತಿರುಗತೊಡಗಿತು. ಕರೆಂಟ್ ಬಂದಿತ್ತು. ನಾನು ತಿರುಗಲಿಲ್ಲ.

"ಸತ್ತೈತಿದು," ಎಂದು ಅವನು ನನ್ನನ್ನು ರಾಶಿಗೆ ಎಸೆದು, ಅದೇ ಕೈಯಿಂದ ಬೆವರು ಒರೆಸಿಕೊಂಡ. ಸತ್ತದ್ದಕ್ಕೆ ನನಗೆ ಸಂತೋಷವಾಯಿತು. ಕಾಳವ್ವ ಬೆರಳು ಹಚ್ಚಿದ ಆ ದಿನವೇ ಸಾಯಬಾರದಿತ್ತೇ ಎಂದು ಆ ನಾಲ್ಕನೆಯ ಹಲಗೆಯನ್ನು ನೆನೆಯುತ್ತ ಬಿದ್ದುಕೊಂಡಿದ್ದೇನೆ.